ಪಂಪಿನ ಮೇಲಣ ಆಪಾದನೆ

ಬೆಂಗಳೂರಿನಿಂದ ಹೊಸಕೋಟೆಯ ಮಾರ್ಗವಾಗಿ ಹೊರಟು, ಎಚ್. ಕ್ರಾಸನ್ನು ದಾಟಿ, ಕೈವಾರವನ್ನು ಪಕ್ಕಕ್ಕೆ ಬಿಟ್ಟು ಚಿಂತಾಮಣಿಯ ಕಡೆಗೆ ಸಾಗುವವರಿಗೆ, ಕಡಲೆಕಾಯಿ, ರಾಗಿ, ಟೊಮೆಟೊ ಬೆಳೆಯುವ ಬಯಲಿನ ನಡುವಿನಿಂದ ಥಟ್ಟನೆ ಎದ್ದು ನಿಂತ ಬೋಳುಬಂಡೆಯ ಬೆಟ್ಟಗಳು ಎದುರಾಗುತ್ತವೆ. ಸಮುದ್ರಮಟ್ಟದಿಂದ ಸುಮಾರು 4,400 ಅಡಿ ಎತ್ತರವಿರುವ ಅಂಬಾಜಿದುರ್ಗವು ಇವುಗಳಲ್ಲಿ ಪ್ರಮುಖವಾದುದು; ಅದೇ ಬೆಟ್ಟದ ಬಂಡೆಯನ್ನು ಈಚಿನ ಕಾಲದಲ್ಲಿ ಕೊರೆದು ಮಾಡಿದ ಕೈಲಾಸಗಿರಿಯ ಗುಹಾಲಯವನ್ನು ನೋಡಲು ಬರುವವರಿಂದಾಗಿ ಆ ಕಡೆಯ ದಾರಿಯಲ್ಲಿ ಈಗ ವಾಹನಸಂಚಾರವೂ ಹೆಚ್ಚಿದೆ. ಹಳೆಯ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡವರಿಗೆ ಇಂತಹ ದಾರಿಯೆಂದರೆ ಒಂದು ಪರೀಕ್ಷೆ. ಹೊಸಕೋಟೆಯವರೆಗೆ ನಿರಾಯಾಸವಾಗಿ ಓಡಿಬಂದ ಎರಡು ಆಸನದ ಎಂ.ಜಿ. ಕಾರು ಬಿಸಿಲೇರಿದ ಮೇಲೆ ಏರಿನಲ್ಲಿ ಮುಗ್ಗರಿಸುತ್ತದೆ. ಎರಡು ಸಲ ಕೆಮ್ಮಿ, ಒಮ್ಮೆ ಚೇತರಿಸಿಕೊಂಡು, ಮತ್ತೆ ನಿಂತೇಬಿಡುತ್ತದೆ. ಬಾನೆಟ್ಟನ್ನು ಎತ್ತಿ ನೋಡಿದ ಮೊದಲ ಮೆಕ್ಯಾನಿಕ್ಕಿನ ಬಾಯಿಂದ ಹತ್ತರಲ್ಲಿ ಎಂಟು ಸಲ ಬರುವ ಮಾತು ಒಂದೇ: “ಫ್ಯುಯೆಲ್ ಪಂಪು ಹೋಗಿದೆ ಸಾರ್, ಹೊಸದು ಹಾಕ್ಬೇಕು.”

ಈ ತೀರ್ಪು ಅನೇಕ ಸಂದರ್ಭಗಳಲ್ಲಿ ಅನ್ಯಾಯದ ತೀರ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಪೆಟ್ರೋಲು ಸಾಗುವ ದಾರಿಯಲ್ಲಿ ಪಂಪು ಒಂದು ಘಟ್ಟ ಮಾತ್ರ. ಅದರ ಹಿಂದೆಯೂ ಮುಂದೆಯೂ ದೋಷ ಅಡಗಿಕೊಳ್ಳಬಹುದಾದ ಎಡೆಗಳು ಹಲವಿವೆ. ಅವುಗಳನ್ನು ಕ್ರಮವಾಗಿ ನೋಡಿದ ತರುವಾಯವೇ ಪಂಪಿಗೆ ಕೈಹಾಕುವುದು ಹಣಕ್ಕೂ ಹಿತ, ಕಾರಿಗೂ ಹಿತ.

ಮೊದಲಿಗೆ ಪಂಪೆಂಬುದು ಬಂದುದಾದರೂ ಏಕೆ ಎಂಬುದನ್ನು ನೋಡೋಣ. ಆದಿಯ ಮೋಟಾರುಗಳಲ್ಲಿ ಪಂಪೇ ಇರಲಿಲ್ಲ. 1908ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕು ಆಸನದ ಕೆಳಗಿದ್ದು, ಪೆಟ್ರೋಲು ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿದುಬರುತ್ತಿತ್ತು. ಸಮತಲದಲ್ಲಿ ಇದಕ್ಕೆ ತೊಂದರೆಯಿಲ್ಲ. ಆದರೆ ಕಡಿದಾದ ಏರಿನಲ್ಲಿ ಮುಂದಿನ ಭಾಗ ಮೇಲೆದ್ದು ಕಾರ್ಬುರೇಟರು ಟ್ಯಾಂಕಿನ ಮಟ್ಟಕ್ಕೆ ಬಂದಾಗ, ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದರೆ ಎಂಜಿನು ಬಾಯಾರಿ ನಿಲ್ಲುತ್ತಿತ್ತು. ಅಂತಹ ವೇಳೆಯಲ್ಲಿ ಅಂದಿನ ಚಾಲಕರು ಕಾರನ್ನು ತಿರುಗಿಸಿ, ರಿವರ್ಸಿನಲ್ಲಿ ಬೆಟ್ಟ ಹತ್ತುತ್ತಿದ್ದರು. ಟ್ಯಾಂಕನ್ನು ಸುರಕ್ಷಿತವಾಗಿ ಹಿಂದಕ್ಕೂ ಕೆಳಕ್ಕೂ ಒಯ್ದ ಮೇಲೆ ಪೆಟ್ರೋಲನ್ನು ಮೇಲೆತ್ತಿ ತರುವ ಸಾಧನವೊಂದು ಅನಿವಾರ್ಯವಾಯಿತು. ಹಾಗೆ ಬಂದುದು ಎಂಜಿನ್ನಿನ ಕ್ಯಾಮ್ ಶಾಫ್ಟಿನಿಂದ ನಡೆಯುವ ಯಾಂತ್ರಿಕ ಪಂಪು, ಮತ್ತು ಬ್ಯಾಟರಿಯ ವಿದ್ಯುತ್ತಿನಿಂದ ನಡೆಯುವ ಪಂಪು.

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರುಗಳಲ್ಲಿ, ಮುಖ್ಯವಾಗಿ ಎಂ.ಜಿ. ಕಾರುಗಳಲ್ಲಿ, ದಶಕಗಳ ಕಾಲ ಇದ್ದುದು ಎಸ್.ಯು. ಕಂಪನಿಯ ವಿದ್ಯುತ್ ಪಂಪು. ಅದರ ಒಳಗಣ ವ್ಯವಸ್ಥೆಯನ್ನು ಒಮ್ಮೆ ಬಿಡಿಸಿ ನೋಡಿದವರು ಅದನ್ನು ರೂಪಿಸಿದವರ ಬುದ್ಧಿಗೆ ತಲೆದೂಗದೆ ಇರಲಾರರು. ಒಂದು ತುದಿಯಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲು. ಅದರ ಎದುರಿಗೆ ಡಯಾಫ್ರಾಮಿಗೆ ಜೋಡಿಸಿದ ಕಬ್ಬಿಣದ ಬಿಲ್ಲೆ. ಬಿಲ್ಲೆ ಓರೆಯಾಗದಂತೆ ಅಂಚಿನ ಸುತ್ತ ಕೂರಿಸಿದ 11 ಪುಟ್ಟ ಹಿತ್ತಾಳೆಯ ಉರುಳೆಗಳು. ಕೀಲಿ ತಿರುಗಿಸಿದೊಡನೆ ಕಾಯಿಲಿಗೆ ವಿದ್ಯುತ್ತು ಹರಿದು ಬಿಲ್ಲೆಯನ್ನು ಸೆಳೆಯುತ್ತದೆ. ಡಯಾಫ್ರಾಮು ಕಮ್ಮಾರನ ತಿದಿಯಂತೆ ಹಿಂದಕ್ಕೆ ಸರಿದು ಟ್ಯಾಂಕಿನ ಕಡೆಯಿಂದ ಪೆಟ್ರೋಲನ್ನು ಒಳಕ್ಕೆ ಎಳೆಯುತ್ತದೆ. ಸರಿಯುವಿಕೆಯ ಕೊನೆಗೆ ಬಂದಾಗ, ನಡುವಣ ಕಡ್ಡಿಗೆ ಜೋಡಿಸಿದ ಸನ್ನೆಯು ಟಕ್ಕೆಂದು ಮಗುಚಿ, ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಅಗಲಿಸಿ, ವಿದ್ಯುತ್ತನ್ನು ಕಡಿಯುತ್ತದೆ. ಆಗ ಸ್ಪ್ರಿಂಗು ಡಯಾಫ್ರಾಮನ್ನು ಮುಂದಕ್ಕೆ ತಳ್ಳಿ, ಒಳಗೆ ಬಂದ ಪೆಟ್ರೋಲನ್ನು ಕಾರ್ಬುರೇಟರಿನ ಕಡೆಗೆ ನೂಕುತ್ತದೆ. ತಳ್ಳಿ ಮುಗಿದೊಡನೆ ಪಾಯಿಂಟುಗಳು ಮತ್ತೆ ಕೂಡಿಕೊಳ್ಳುತ್ತವೆ. ಕಾರ್ಬುರೇಟರಿನ ಫ್ಲೋಟ್ ಚೇಂಬರು ತುಂಬಿ ಅಲ್ಲಿನ ಸೂಜಿ ದಾರಿಯನ್ನು ಮುಚ್ಚಿದಾಗ ಪೆಟ್ರೋಲಿಗೆ ಮುಂದೆ ಹೋಗಲು ಎಡೆಯಿಲ್ಲದುದರಿಂದ ಸ್ಪ್ರಿಂಗು ಒತ್ತಿಕೊಂಡೇ ಇರುತ್ತದೆ, ಪಾಯಿಂಟುಗಳು ಬಿಟ್ಟೇ ಇರುತ್ತವೆ, ಪಂಪು ಸುಮ್ಮನಾಗುತ್ತದೆ. ಮುಂದಕ್ಕೆ ಹೋಗುವ ಪೆಟ್ರೋಲಿನ ಒತ್ತಡವನ್ನು ನಿರ್ಣಯಿಸುವುದು ವಿದ್ಯುತ್ತಲ್ಲ, ಆ ಸ್ಪ್ರಿಂಗು. ಹಳೆಯ ಮಾದರಿಗಳಲ್ಲಿ ಆ ಒತ್ತಡ ಚದರ ಅಂಗುಲಕ್ಕೆ ಒಂದು, ಒಂದೂವರೆ ಪೌಂಡು. ಮುಂದಿನವುಗಳಲ್ಲಿ ಸುಮಾರು ಮೂರು.

ಈ ವ್ಯವಸ್ಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವುಂಟು. ಇದನ್ನು ಅರಿತವನಿಗೆ ಪಂಪಿನ ಸದ್ದೇ ಅರ್ಧ ಕಥೆಯನ್ನು ಹೇಳುತ್ತದೆ. ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಕಿಟಕಿಗಳನ್ನು ಇಳಿಸಿ, ಮಾತು ನಿಲ್ಲಿಸಿ ಕಿವಿಗೊಡಬೇಕು. ಆರೋಗ್ಯವಾಗಿರುವ ಪಂಪು ಕೆಲವು ಕ್ಷಣ ಟಕಟಕನೆ ಬಡಿದು, ಫ್ಲೋಟ್ ಚೇಂಬರು ತುಂಬಿದೊಡನೆ ನಿಧಾನಿಸಿ, ನಿಲ್ಲುತ್ತದೆ. ಅದು ನಿಲ್ಲದೆ ಬಿರುಸಿನಿಂದ ಬಡಿಯುತ್ತಲೇ ಇದ್ದರೆ, ಅದಕ್ಕೆ ಪೆಟ್ರೋಲಿನ ಬದಲು ಗಾಳಿ ಸಿಗುತ್ತಿದೆಯೆಂದು ತಿಳಿಯತಕ್ಕದ್ದು. ಗ್ಯಾರೇಜಿನವರು “ಏರ್ ಎಳೀತಿದೆ” ಎನ್ನುವುದು ಇದನ್ನೇ. ಟ್ಯಾಂಕು ಬರಿದಾಗಿರಬಹುದು, ಅಥವಾ ಟ್ಯಾಂಕಿಗೂ ಪಂಪಿಗೂ ನಡುವಿನ ಹೋಸ್ ಪೈಪು ಬಿರುಕು ಬಿಟ್ಟಿರಬಹುದು. ಈ ಎಳೆಯುವ ಭಾಗದ ಬಿರುಕು ಬಹು ಕಪಟಿ. ಪೆಟ್ರೋಲನ್ನು ಹೊರಕ್ಕೆ ತೊಟ್ಟಿಕ್ಕಿಸದೆ ಗಾಳಿಯನ್ನು ಮಾತ್ರ ಒಳಕ್ಕೆ ಬಿಟ್ಟುಕೊಳ್ಳುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಎಂಜಿನು ನಿಂತಿರುವಾಗಲೂ ಆಗಾಗ ಒಂದೊಂದು ಏಟು ಕೇಳಿಬಂದರೆ ಕಾರ್ಬುರೇಟರಿನ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ, ಇಲ್ಲವೆ ಪಂಪಿನ ಕವಾಟವೊಂದು ಸೋರುತ್ತಿದೆ. ಒಂದೇ ಒಂದು ಏಟೂ ಕೇಳದಿದ್ದರೆ ಮಾತ್ರ ವಿದ್ಯುತ್ತಿನ ದಾರಿಯನ್ನೋ ಪಾಯಿಂಟುಗಳನ್ನೋ ಸಂಶಯಿಸಬೇಕು.

ಏಟು ಕೇಳದಿದ್ದಾಗ ಹಳೆಯ ಚಾಲಕರು ಮಾಡುತ್ತಿದ್ದ ಉಪಾಯವೊಂದಿದೆ: ಸ್ಕ್ರೂ ಡ್ರೈವರಿನ ಹಿಡಿಯಿಂದ ಪಂಪಿನ ಮೈಗೆ ಮೆಲ್ಲನೆ ತಟ್ಟುವುದು. ತಟ್ಟಿದೊಡನೆ ಪಂಪು ಎಚ್ಚತ್ತು ಬಡಿಯತೊಡಗಿದರೆ ದೋಷ ಪಾಯಿಂಟುಗಳಲ್ಲಿದೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಊರು ತಲಪುವುದಕ್ಕೆ ಈ ಉಪಾಯ ಸಾಕು. ಊರು ತಲಪಿದ ಮೇಲೆ ಕಪ್ಪು ಮುಚ್ಚಳವನ್ನು ಬಿಚ್ಚಿ, ಸುಟ್ಟು ಕರಿಕಟ್ಟಿದ ಪಾಯಿಂಟುಗಳ ನಡುವೆ ಗಟ್ಟಿ ಕಾಗದದ ಪಟ್ಟಿಯೊಂದನ್ನು ಇಟ್ಟು ಎಳೆಯಬೇಕು. ಕಾಗದದ ಮೇಲೆ ಕರಿಯ ಗೆರೆ ಮೂಡುತ್ತದೆ. ಗೆರೆ ಬಾರದಾಗುವವರೆಗೂ ಹೊಸ ಹೊಸ ಪಟ್ಟಿಯಿಂದ ಎಳೆಯುತ್ತ ಹೋಗುವುದು. ಪಾಯಿಂಟುಗಳು ಗುಳಿಬಿದ್ದಿದ್ದರೆ ಕಾಗದದಿಂದ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು.

ಪಂಪಿನ ತನಕ ಬರುವುದಕ್ಕೆ ಮುನ್ನ ಮುಗಿಸಬೇಕಾದ ವಿಚಾರಣೆಗಳು ಬೇರೆ ಇವೆ. ಓಡುತ್ತಿದ್ದ ಎಂಜಿನು ಕೀಲಿ ತೆಗೆದಂತೆ ಥಟ್ಟನೆ ನಿಂತಿತೋ, ಅಥವಾ ಎಳೆತ ಕಡಮೆಯಾಗುತ್ತ, ಮಿಸ್ಸಿಂಗ್ ಹೊಡೆಯುತ್ತ, ಅರೆಜೀವವಾಗಿ ನಿಂತಿತೋ ಎಂಬುದು ಮೊದಲ ಪ್ರಶ್ನೆ. ಥಟ್ಟನೆ ನಿಂತುದು ಸಾಮಾನ್ಯವಾಗಿ ಕಿಡಿಯ ದೋಷ. ತಡವರಿಸಿ ನಿಂತುದು ಪೆಟ್ರೋಲಿನ ದೋಷ. ಇದು ನಿಯಮವಲ್ಲ, ದಿಕ್ಕು ತೋರಿಸುವ ಸೂಚನೆ. ಆದುದರಿಂದ ಪ್ಲಗ್ಗೊಂದನ್ನು ಬಿಚ್ಚಿ ಕಿಡಿ ಬರುತ್ತಿದೆಯೇ ಎಂದು ನೋಡಿಬಿಡುವುದು ಮೇಲು. ಪೆಟ್ರೋಲಿನ ದೋಷವೆಂದು ತೋರಿದರೆ ಟ್ಯಾಂಕಿನ ಮುಚ್ಚಳದಿಂದ ಪ್ರಾರಂಭಿಸಬೇಕು. ಪೆಟ್ರೋಲು ಹೊರಕ್ಕೆ ಹೋದಷ್ಟು ಗಾಳಿ ಟ್ಯಾಂಕಿನೊಳಕ್ಕೆ ಬರಬೇಕಷ್ಟೆ. ಆ ಗಾಳಿಯ ರಂಧ್ರ ದೂಳಿನಿಂದ ಮುಚ್ಚಿಹೋದರೆ ಒಳಗೆ ನಿರ್ವಾತ ಉಂಟಾಗಿ, ಎಂತಹ ಪಂಪೂ ಸೋಲುತ್ತದೆ. ನಿಂತ ಕಾರಿನ ಮುಚ್ಚಳ ತಿರುಗಿಸಿದೊಡನೆ ಉಸ್ಸೆಂದು ಗಾಳಿ ಒಳನುಗ್ಗಿ, ಅನಂತರ ಕಾರು ಏನೂ ಆಗಿರಲಿಲ್ಲವೆಂಬಂತೆ ಹೊರಟರೆ, ಕಾರಣವನ್ನು ಇನ್ನೆಲ್ಲಿಯೂ ಅರಸಬೇಕಾಗಿಲ್ಲ. ಟ್ಯಾಂಕಿನ ಮುಳ್ಳನ್ನೂ ನಂಬುವಂತಿಲ್ಲ. ಏರಿನಲ್ಲಿ ಪೆಟ್ರೋಲು ಟ್ಯಾಂಕಿನ ಹಿಂಬದಿಗೆ ಸರಿಯುವುದರಿಂದ, ಪೆಟ್ರೋಲನ್ನು ಎತ್ತಿಕೊಳ್ಳುವ ಕೊಳವೆ ಮುಂಬದಿಯಲ್ಲಿದ್ದರೆ, ಮುಳ್ಳು ಕಾಲು ಟ್ಯಾಂಕನ್ನು ತೋರಿಸುತ್ತಿದ್ದರೂ ಕೊಳವೆಯ ಬಾಯಿ ಒಣಗಿರಬಹುದು.

ಇನ್ನು ವಿದ್ಯುತ್ತಿನ ದಾರಿಯ ವಿಚಾರ. ಟೆಸ್ಟ್ ಲ್ಯಾಂಪೊಂದನ್ನು ಪಂಪಿನ ಟರ್ಮಿನಲ್ಲಿಗೆ ಹಿಡಿದಾಗ ದೀಪ ಹೊತ್ತಿಕೊಂಡಿತೆಂದು ತೃಪ್ತರಾಗುವವರು ಹಲವರು. ತುಕ್ಕು ಹಿಡಿದ ಕನೆಕ್ಷನ್ನಿನ ಮೂಲಕವೂ ಸಣ್ಣ ದೀಪ ಉರಿಯುತ್ತದೆ. ಆದರೆ ಪಂಪಿಗೆ ಬೇಕಾದಷ್ಟು ವಿದ್ಯುತ್ತು ಅದರಲ್ಲಿ ಹರಿಯದು. ಪಂಪು ಕೆಲಸಮಾಡುತ್ತಿರುವಾಗಲೇ ಮೀಟರು ಹಿಡಿದು ಅಳೆಯಬೇಕು. ಬ್ಯಾಟರಿಯ ವೋಲ್ಟೇಜಿಗೂ ಪಂಪಿನ ಟರ್ಮಿನಲ್ಲಿನ ವೋಲ್ಟೇಜಿಗೂ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ದಾರಿಯಲ್ಲೆಲ್ಲೋ ತುಕ್ಕೋ ಸಡಿಲವೋ ಇದೆ. ಇದಕ್ಕಿಂತಲೂ ಹೆಚ್ಚಾಗಿ ಉಪೇಕ್ಷೆಗೆ ಗುರಿಯಾಗುವುದು ಅರ್ತಿನ ತಂತಿ. ಪಂಪಿನಿಂದ ಬ್ಯಾಟರಿಗೆ ಮರಳಬೇಕಾದ ವಿದ್ಯುತ್ತು ಕಾರಿನ ಕಬ್ಬಿಣದ ಮೈಯ ಮೂಲಕ ಹೋಗುತ್ತದೆಂಬುದೇನೋ ನಿಜ. ಆದರೆ ನಡುವೆ ಬಣ್ಣವೋ ತುಕ್ಕೋ ಬಂದರೆ ಆ ದಾರಿ ಮುಚ್ಚಿದಂತೆಯೇ. ಈ ಮಾತು ನಮ್ಮ ನಾಡಿನದೇ ಆದ ಒಂದು ಸ್ಪೋರ್ಟ್ಸ್ ಕಾರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯು ಹೊರತಂದ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಆಸನದ ಕಾರು, ರೆನೋ ಕಂಪನಿಯ 1149 ಸಿ.ಸಿ. ಎಂಜಿನ್ನನ್ನು ಹೊತ್ತು, ಫೈಬರಿನ ಮೈಯುಳ್ಳದ್ದಾಗಿತ್ತು. ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗದಿದ್ದರೂ ನಮ್ಮವರಿಂದ ಹಾಗೊಂದು ಸಾಹಸ ನಡೆಯಿತೆಂಬುದು ಅಭಿಮಾನಪಡತಕ್ಕ ಸಂಗತಿಯೆಂದೇ ನಾನು ತಿಳಿದಿದ್ದೇನೆ. ಫೈಬರಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅಂತಹ ಮೈಯ ಕಾರುಗಳಲ್ಲಿ ಪ್ರತಿಯೊಂದು ಉಪಕರಣದ ಅರ್ತಿಗೂ ತಂತಿಯೇ ಗತಿ. ವರ್ಷಗಳು ಕಳೆದಂತೆ ಆ ತಂತಿಯ ತುದಿ ಹಸಿರುಗಟ್ಟುತ್ತದೆ, ಪಂಪು ಸೊರಗುತ್ತದೆ, ಹೊಸ ಪಂಪು ತಂದು ಹಾಕಿದರೂ ಅದೇ ಗೋಳು ಮುಂದುವರಿಯುತ್ತದೆ.

ಇಷ್ಟಾದ ಮೇಲೆ ಪಂಪಿನ ಶಕ್ತಿಯನ್ನು ನೇರವಾಗಿ ಅಳೆಯಬಹುದು. ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ, ಅದಕ್ಕೆ ಪೆಟ್ರೋಲಿಗೆ ತಾಳಿಕೊಳ್ಳುವ ಪಾರದರ್ಶಕ ಕೊಳವೆಯನ್ನು ಜೋಡಿಸಿ, ಅದರ ತುದಿಯನ್ನು ಡಬ್ಬಿಯೊಳಗೆ ಇಳಿಬಿಟ್ಟು, ಕೀಲಿ ತಿರುಗಿಸಿ ಒಂದು ನಿಮಿಷ ನೋಡುವುದು. ಎಸ್.ಯು. ಪಂಪು ನಿಮಿಷಕ್ಕೆ ಅರ್ಧ ಲೀಟರಿಗೆ ಕಡಮೆಯಾಗದಂತೆ ಕೊಡಬೇಕು. ಧಾರೆ ತುಂಬಿ ಬಂದರೆ ಪಂಪು ನಿರ್ದೋಷಿ. ದೋಷ ಮುಂದೆ, ಕಾರ್ಬುರೇಟರಿನ ಜಾಲರಿಯಲ್ಲೋ ಸೂಜಿಯಲ್ಲೋ ಇದೆ. ಧಾರೆಯಲ್ಲಿ ಗುಳ್ಳೆಗಳು ಕಂಡರೆ ಹಿಂದಿನ ಕೊಳವೆಯಲ್ಲಿ ಗಾಳಿ ಸೇರುತ್ತಿದೆ. ಧಾರೆ ಕ್ಷೀಣವಾಗಿದ್ದರೆ ಹಿಂದಿನ ಕೊಳವೆಯನ್ನೂ ಫಿಲ್ಟರನ್ನೂ ತಪ್ಪಿಸಿ, ಶುದ್ಧವಾದ ಪೆಟ್ರೋಲಿರುವ ಇನ್ನೊಂದು ಡಬ್ಬಿಯಿಂದ ಪಂಪಿಗೆ ಉಣಿಸಿ ನೋಡಬೇಕು. ಆಗಲೂ ಕ್ಷೀಣವಾಗಿದ್ದರೆ ಮಾತ್ರ ಆಪಾದನೆ ಪಂಪಿನ ಮೇಲೆ ನಿಲ್ಲುತ್ತದೆ. ಈ ಪರೀಕ್ಷೆ ಅಪಾಯಕಾರಿಯೆಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಎಂಜಿನು ಸಂಪೂರ್ಣವಾಗಿ ತಣಿದಿರಬೇಕು. ಬಯಲಿನಲ್ಲಿ ಮಾಡಬೇಕು, ಮುಚ್ಚಿದ ಷೆಡ್ಡಿನಲ್ಲಿ ಅಲ್ಲ. ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಬೆಂಕಿ ಆರಿಸುವ ಸಿಲಿಂಡರು ಕೈಗೆಟುಕುವಂತಿರಬೇಕು. ಬಾಯಿಂದ ಪೆಟ್ರೋಲನ್ನು ಎಳೆಯುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಉಳಿದಿರುವುದು ನೋವಿನ ಸಂಗತಿ. ಗಂಟಲಿಗಿಳಿದ ಪೆಟ್ರೋಲು ಶ್ವಾಸಕೋಶಕ್ಕೆ ಹೊಕ್ಕರೆ ಪ್ರಾಣಕ್ಕೇ ಸಂಚಕಾರ.

ಪಂಪು, ತಂತಿ, ಕೊಳವೆ ಎಲ್ಲವೂ ಸರಿಯಿದ್ದೂ ಕಾರು ಏರಿನಲ್ಲಿ ನಿಲ್ಲುವ ಸಂದರ್ಭವೊಂದುಂಟು. ಏಪ್ರಿಲ್ ಮೇ ತಿಂಗಳುಗಳ ಚಿಂತಾಮಣಿಯ ಬಿಸಿಲನ್ನು ಕಂಡವರಿಗೆ ಅದು ಆಶ್ಚರ್ಯವೆನಿಸದು. ಪೆಟ್ರೋಲೆಂಬುದು ಹಲವು ದ್ರವಗಳ ಮಿಶ್ರಣವಾದುದರಿಂದ ಅದರ ಹಗುರವಾದ ಅಂಶಗಳು 40 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತವೆ. ಕೊಳವೆಯೊಳಗೆ ಆವಿಯ ಗುಳ್ಳೆಯೊಂದು ಕಟ್ಟಿಕೊಂಡರೆ ಪಂಪು ಆ ಆವಿಯನ್ನೇ ಹಿಗ್ಗಿಸಿ ಕುಗ್ಗಿಸುತ್ತ ಕುಳಿತುಕೊಳ್ಳುತ್ತದೆ, ಪೆಟ್ರೋಲು ಕದಲುವುದಿಲ್ಲ. ವೇಪರ್ ಲಾಕ್ ಎಂಬುದು ಇದೇ. ಎತ್ತರ ಹೆಚ್ಚಿದಂತೆ ವಾಯುವಿನ ಒತ್ತಡ ತಗ್ಗುವುದರಿಂದ ಕುದಿಯುವುದು ಸುಲಭವಾಗುತ್ತದೆಂಬುದು ನಿಜವೇ. ಆದರೆ ಬಯಲಿಗೂ ಅಂಬಾಜಿದುರ್ಗಕ್ಕೂ ಇರುವ ಎತ್ತರದ ಅಂತರದಿಂದ ಒತ್ತಡದಲ್ಲಾಗುವ ವ್ಯತ್ಯಾಸ ಅಲ್ಪ. ನಿಜವಾದ ಅಪರಾಧಿ ಬಿಸಿ. ಏರಿನಲ್ಲಿ ಎಂಜಿನು ಹೆಚ್ಚು ದುಡಿಯುತ್ತದೆ, ಕಾರು ಮೆಲ್ಲನೆ ಚಲಿಸುವುದರಿಂದ ಗಾಳಿ ಸಾಲದು, ಬಾನೆಟ್ಟಿನೊಳಗೆ ಕಾವು ಕೂಡುತ್ತದೆ. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರಿನಲ್ಲಿ ಪಂಪು ಎಂಜಿನ್ನಿನ ಹಿಂದಣ ಗೋಡೆಯ ಮೇಲೆಯೇ ಇದ್ದುದರಿಂದ ಆ ಕಾವಿಗೆ ಅದು ಸುಲಭವಾಗಿ ತುತ್ತಾಗುತ್ತದೆ. 1962ರಲ್ಲಿ ಬಂದ ಎಂ.ಜಿ.ಬಿ.ಯಲ್ಲಿ ಪಂಪನ್ನು ಹಿಂಬದಿಗೆ, ಟ್ಯಾಂಕಿನ ಸಮೀಪಕ್ಕೆ ಒಯ್ದುದರಿಂದ ಕಾವಿನ ಬಾಧೆ ತಪ್ಪಿ, ದೂಳು ನೀರುಗಳ ಬಾಧೆ ಬಂದಿತು. ಕೈವಾರದ ಕ್ರಾಸಿನಲ್ಲಿ ಕಾಫಿಗೆಂದು ಕಾಲು ಗಂಟೆ ನಿಲ್ಲಿಸಿದ ಕಾರು ಮತ್ತೆ ಹೊರಡಲು ಒಪ್ಪದೆ, ಬಾನೆಟ್ಟು ತೆರೆದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸಾವಧಾನವಾಗಿ ಕಾದ ಮೇಲೆ ಹೊರಟರೆ, ಅದು ವೇಪರ್ ಲಾಕ್ ಎನ್ನಲು ಅಡ್ಡಿಯಿಲ್ಲ. ಕಾವೇರಿದ ಕಾಯಿಲು ಸೋತಾಗಲೂ ಇದೇ ಲಕ್ಷಣ ತೋರುತ್ತದಾದ್ದರಿಂದ ಸದ್ದನ್ನು ಮರೆಯಬಾರದು: ಆವಿ ಸೇರಿದ ಪಂಪು ಬಡಿಯುತ್ತಿರುತ್ತದೆ, ಕಾಯಿಲು ಸೋತ ಪಂಪು ಮೌನವಾಗಿರುತ್ತದೆ.

ಈಚೆಗೆ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. ಈಗ ಅದು ಎಲ್ಲೆಡೆಯೂ ಹಬ್ಬಿದೆ. ಕಬ್ಬು ಬೆಳೆಯುವ ರೈತನಿಗೆ ಇದರಿಂದ ಲಾಭವಾದರೆ ಸಂತೋಷವೇ. ಆದರೆ ಐವತ್ತು ವರ್ಷದ ಹಿಂದಿನ ರಬ್ಬರು, ಕಾರ್ಕುಗಳು ಎಥನಾಲನ್ನು ತಾಳಲಾರವು. ಹೋಸ್ ಪೈಪು ಒಳಗಿನಿಂದ ಮೆದುವಾಗಿ, ಚೂರುಗಳು ಉದುರಿ ಪಂಪಿನ ಜಾಲರಿಯನ್ನು ಮುಚ್ಚುತ್ತವೆ, ಡಯಾಫ್ರಾಮು ಬಿರುಸಾಗುತ್ತದೆ. ಎಥನಾಲು ನೀರನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕನ್ನು ಎಬ್ಬಿಸುತ್ತದೆ. ಹಳೆಯ ಕಾರಿನ ಒಡೆಯರು ಹೊಸ ಪಂಪಿಗೆ ಹಣ ತೆಗೆದಿಡುವ ಮುನ್ನ, ಎಥನಾಲು ತಾಳುವ ಹೋಸ್ ಪೈಪುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸುವುದು ಉಚಿತ.

ಯಾಂತ್ರಿಕ ಪಂಪಿನ ವಿಚಾರದಲ್ಲಿ ಹೇಳಬೇಕಾದುದು ಕಡಮೆ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನಂತಹ ಕಾರುಗಳಲ್ಲಿ ಎಂಜಿನ್ನಿನ ಪಕ್ಕದಲ್ಲಿ ಕುಳಿತಿರುವ ಈ ಪಂಪಿಗೆ ಕೈಯಿಂದ ಆಡಿಸುವ ಸಣ್ಣ ಹಿಡಿಯೊಂದಿರುತ್ತದೆ. ಅದನ್ನು ಆಡಿಸಿದಾಗ ಪೆಟ್ರೋಲು ಚಿಮ್ಮಿದರೆ ಡಯಾಫ್ರಾಮು ಜೀವಂತವಾಗಿದೆ. ಇದರಲ್ಲಿ ನಿರ್ಲಕ್ಷಿಸಬಾರದ ಲಕ್ಷಣ ಒಂದಿದೆ: ಆಯಿಲು ನೋಡುವ ಕಡ್ಡಿಯನ್ನು ಎಳೆದಾಗ ಆಯಿಲಿನ ಮಟ್ಟ ಮೇಲೇರಿದ್ದು, ಪೆಟ್ರೋಲಿನ ವಾಸನೆ ಬಂದರೆ, ಡಯಾಫ್ರಾಮು ಹರಿದು ಪೆಟ್ರೋಲು ಎಂಜಿನ್ನಿನ ಆಯಿಲಿಗೆ ಇಳಿಯುತ್ತಿದೆ. ಆ ಕಾರನ್ನು ಒಂದು ಮೈಲಿಯೂ ಓಡಿಸಬಾರದು. ತೆಳುವಾದ ಆಯಿಲಿನಲ್ಲಿ ಬೇರಿಂಗುಗಳು ಸವೆದುಹೋಗುತ್ತವೆ. ಇಂಜೆಕ್ಷನ್ ಬಂದ ಮೇಲಿನ ಕಾರುಗಳ ರೀತಿಯೇ ಬೇರೆ. ಅಲ್ಲಿ ಒತ್ತಡ ಸಾಮಾನ್ಯವಾಗಿ ಮೂರು ಬಾರಿನಷ್ಟಿರುವುದರಿಂದ ಪೈಪನ್ನು ಹಾಗೆಯೇ ಬಿಚ್ಚುವುದು ಸಾಹಸವಲ್ಲ, ಅವಿವೇಕ. ಕೀಲಿ ತಿರುಗಿಸಿದಾಗ ಎರಡು ಸೆಕೆಂಡುಗಳ ಗುಂಯ್ ಸದ್ದು ಬಾರದಿದ್ದರೆ ಮೊದಲು ಫ್ಯೂಸು, ಆಮೇಲೆ ರಿಲೇ, ಅನಂತರ ಅರ್ತು. ಒತ್ತಡವನ್ನು ಅಳೆಯುವ ಕೆಲಸ ಗೇಜಿರುವ ಗ್ಯಾರೇಜಿನದು.

ಇಷ್ಟು ವಿಚಾರಣೆಯ ತರುವಾಯವೂ ಎಸ್.ಯು. ಪಂಪೇ ದೋಷಿಯೆಂದು ನಿಶ್ಚಯವಾದರೆ, ಅದನ್ನು ಗುಜರಿಗೆ ಎಸೆಯಬೇಡಿರೆಂದು ನನ್ನ ಪ್ರಾರ್ಥನೆ. ಆ ಪಂಪು ಬಿಚ್ಚಿ ಕೂಡಿಸಲೆಂದೇ ಹುಟ್ಟಿದುದು. ಡಯಾಫ್ರಾಮು, ಪಾಯಿಂಟು, ಕವಾಟ, ಗ್ಯಾಸ್ಕೆಟ್ಟುಗಳು ಇಂದಿಗೂ ದೊರೆಯುತ್ತವೆ. ಕೂಡಿಸುವಾಗ ಮುಖ್ಯವಾದುದು ಡಯಾಫ್ರಾಮನ್ನು ತಿರುಗಿಸಿ ಕೂರಿಸುವ ಅಳತೆ. ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿದರೂ ಸನ್ನೆ ಮಗುಚದಷ್ಟು ಒಳಕ್ಕೆ ಮೊದಲು ತಿರುಗಿಸಿಕೊಳ್ಳಬೇಕು; ಆಮೇಲೆ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ತಿರುಗಿಸುತ್ತ, ಒತ್ತಿದಾಗ ಸನ್ನೆ ಟಕ್ಕೆಂದು ಮಗುಚುವ ಮೊದಲ ನೆಲೆಯನ್ನು ಗುರುತಿಸಬೇಕು; ಆ ನೆಲೆಯಿಂದ ಮತ್ತೆ ನಾಲ್ಕು ಸ್ಕ್ರೂ ತೂತುಗಳಷ್ಟು, ಎಂದರೆ ಮೂರನೆಯ ಎರಡು ಸುತ್ತು, ಹೊರಕ್ಕೆ ತಿರುಗಿಸಿ ಆರು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಬೇಕು. ಈ ಅಳತೆ ತಪ್ಪಿದರೆ ಹೊಸ ಡಯಾಫ್ರಾಮಿನ ಪಂಪೂ ಏಟು ನುಂಗುತ್ತದೆ. ಕೂಡಿಸಿದ ಪಂಪನ್ನು ಕಾರಿಗೆ ಏರಿಸುವ ಮುನ್ನ ಮೇಜಿನ ಮೇಲೆ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ, ಪೆಟ್ರೋಲಿನ ಬದಲು ಸೀಮೆಎಣ್ಣೆಯಲ್ಲಿ ಓಡಿಸಿ ನೋಡುವುದು ಸುರಕ್ಷಿತ. ಹೊರಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದಾಗ ಅದು ಕನಿಷ್ಠ ಕಾಲು ನಿಮಿಷವಾದರೂ ಮತ್ತೊಂದು ಏಟು ಬಡಿಯದೆ ನಿಂತರೆ ಕವಾಟಗಳು ಸರಿಯಾಗಿ ಕುಳಿತಿವೆ, ಪಂಪನ್ನು ಕಾರಿಗೆ ಜೋಡಿಸಬಹುದು.